ಅಕ್ಕೋರು ಕೊಡಿಸಿದ ರಜೆ

ಅಕ್ಕೋರು ಸೆರಗನ್ನು ಎರಡು ಪದರ ಮಡಚಿ ಎದೆಯ ತುಂಬ ಅಗಲವಾಗಿ ಹೊದ್ದು, ಭುಜಕ್ಕೊಂದು ಸೊಂಟಕ್ಕೊಂದು ಪಿನ್ನು ಹಾಕುತ್ತಿದ್ದರು. ಏಪ್ರಿಲ್ ಬಿಸಿಲಿಗೆ ತಗಡಿನ ಕೋಣೆ ಕಾದು, ಬೆವರು ಕುತ್ತಿಗೆಯಿಂದ ಇಳಿದರೂ ಆ ಸೆರಗು ಸಡಿಲವಾಗುತ್ತಿರಲಿಲ್ಲ. ಹಳೇ ಕಾಲದ ಮಡಿವಂತಿಕೆ ಎಂದು ನಾವು ಚಿಕ್ಕ ವಯಸ್ಸಿನ ಶಿಕ್ಷಕಿಯರು ಒಳಗೊಳಗೇ ನಗುತ್ತಿದ್ದೆವು.

ಕೊಟ್ಟೂರಿನ ಒಂದು ಖಾಸಗಿ ಶಾಲೆಗೆ ನಾನು ವಿಜ್ಞಾನ ಕಲಿಸಲು ಸೇರಿದಾಗ ಅವರು ಅಲ್ಲಿ ಹದಿನೆಂಟು ವರ್ಷದಿಂದ ಗಣಿತ ಹೇಳುತ್ತಿದ್ದರು. ಮಕ್ಕಳಿಗೂ ನಮಗೂ, ಗೇಟಿನ ಹೊರಗೆ ಮಂಡಕ್ಕಿ ಮಾರುವವನಿಗೂ ಅವರು ಅಕ್ಕೋರು. ಲೆಕ್ಕ ತಪ್ಪಿದ ಹುಡುಗರನ್ನು ಹೊಡೆದವರಲ್ಲ. “ಇನ್ನೊಮ್ಮಿ ನೋಡು, ಉತ್ತರ ಅಲ್ಲೇ ಕುಂತೈತಿ,” ಎಂದು ಸೀಮೆಸುಣ್ಣವನ್ನು ಅವರ ಕೈಗೇ ಕೊಡುತ್ತಿದ್ದರು. ಡಬ್ಬಿಯಲ್ಲಿ ಯಾವಾಗಲೂ ಒಂದು ರೊಟ್ಟಿ ಹೆಚ್ಚಿಗೆ ಇರುತ್ತಿತ್ತು. ಗಂಡ ತೀರಿಹೋಗಿದ್ದರು, ಮಕ್ಕಳಿಲ್ಲ ಎಂದಷ್ಟೇ ನಮಗೆ ಗೊತ್ತಿತ್ತು.

ನನಗೆ ಏಳು ತಿಂಗಳು ತುಂಬಿದಾಗ ಶಾಲೆಯ ಕಾರ್ಯದರ್ಶಿಗಳು ಕರೆದು, ರಾಜೀನಾಮೆ ಬರೆದುಕೊಡಿ, ಹೆರಿಗೆಯಾದ ಮೇಲೆ ಜಾಗ ಇದ್ದರೆ ನೋಡೋಣ ಎಂದರು. ಮಾತಿನಲ್ಲಿ ಸಿಟ್ಟೇನೂ ಇರಲಿಲ್ಲ. ಬಸುರಾದವರೆಲ್ಲ ಅಲ್ಲಿಂದ ಹಾಗೆಯೇ ಹೋಗಿದ್ದರು. ಸ್ಟಾಫ್ ರೂಮಿನಲ್ಲಿ ಕೂತು ಎರಡು ಸಾಲು ಬರೆದಿದ್ದೆ. ಅಕ್ಕೋರು ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ತಮ್ಮ ಚೀಲಕ್ಕೆ ಹಾಕಿಕೊಂಡರು.

ಆ ಸೆರಗಿನ ಕಥೆ ನನಗೆ ತಿಳಿದದ್ದು ಅವತ್ತೇ. ಈ ಶಾಲೆಗೆ ಬರುವ ಮೊದಲು ಬೇರೊಂದು ಊರಿನಲ್ಲಿ ಕಲಿಸುತ್ತಿದ್ದಾಗ ಅವರಿಗೆ ಹೆಣ್ಣುಮಗು ಹುಟ್ಟಿತ್ತು. ಕೆಲಸ ಹೋದೀತೆಂಬ ಹೆದರಿಕೆಗೆ ನಲವತ್ತನೇ ದಿನಕ್ಕೇ ಪಾಠಕ್ಕೆ ನಿಂತರು. ಹನ್ನೊಂದು ಗಂಟೆಯ ಹೊತ್ತಿಗೆ ಹಾಲು ಬಿಗಿದು ರವಿಕೆ ತೋಯುತ್ತಿತ್ತು. ಮಕ್ಕಳಿಗೆ ಕಾಣದಿರಲೆಂದು ಸೆರಗು ಮಡಚಿ ಹೊದೆಯಲು ಕಲಿತರು. ಮನೆಯಲ್ಲಿ ಅತ್ತೆ ಬಾಟಲಿ ಹಾಲು ಕುಡಿಸುತ್ತಿದ್ದರು. ಮೂರನೇ ತಿಂಗಳಲ್ಲಿ ಕೂಸಿಗೆ ವಾಂತಿಭೇದಿ ಹತ್ತಿತು. ಬೆಳಿಗ್ಗೆ ರಜೆ ಕೇಳಿದರೆ ಸಿಗಲಿಲ್ಲ. ಮಧ್ಯಾಹ್ನ ನೆರೆಮನೆಯವರು ಕರೆಯಲು ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು.

“ಅತ್ತಾಗ ಕೂಸು ಅಳಾಕತ್ತಿತ್ತಂತ. ಇತ್ತಾಗ ನಾನು ಮಂದಿ ಮಕ್ಕಳಿಗೆ ಮಗ್ಗಿ ಹೇಳಿಸಾಕತ್ತಿದ್ದೆ,” ಎಂದರು. ಅಳಲಿಲ್ಲ. “ಆವಾಗ ನನಗ ಕಾನೂನು ಗೊತ್ತಿರಲಿಲ್ಲ. ಈಗ ಗೊತ್ತೈತಿ. ನೀ ರಾಜೀನಾಮಿ ಬರೀಬ್ಯಾಡ,” ಎಂದರು.

ಇಪ್ಪತ್ತಾರು ವಾರಗಳ ಸಂಬಳಸಹಿತ ರಜೆಗೆ ಅರ್ಜಿಯನ್ನು ಅವರೇ ತಮ್ಮ ದುಂಡಗಿನ ಅಕ್ಷರದಲ್ಲಿ ಬರೆದರು, ನಾನು ಸಹಿ ಹಾಕಿದೆ. ಇದೇನು ಸರ್ಕಾರಿ ಶಾಲೆಯೇ ಎಂದು ಕಾರ್ಯದರ್ಶಿಗಳು ಅದನ್ನು ಡ್ರಾಯರಿಗೆ ತಳ್ಳಿದರು. ಅಕ್ಕೋರು ಕೂಡ್ಲಿಗಿಯ ಬಸ್ಸು ಹತ್ತಿದರು. ಎರಡು ಸಲ ಹೋಗಿ ಕಾರ್ಮಿಕ ಇಲಾಖೆಯವರನ್ನು ಕಂಡುಬಂದ ಮೇಲೆ, ಒಂದು ದಿನ ಅಧಿಕಾರಿಯೊಬ್ಬರು ಶಾಲೆಗೆ ಬಂದು ಹಾಜರಿ ಪುಸ್ತಕ ಕೇಳಿದರು. ಅಷ್ಟು ದಿನ ಪಾಠ ಯಾರು ಮಾಡಬೇಕು ಎನ್ನುವುದು ಕಾರ್ಯದರ್ಶಿಗಳ ಕೊನೆಯ ಪ್ರಶ್ನೆಯಾಗಿತ್ತು.

“ಆಕಿ ಪಾಠ ನಾ ತಗೋತೀನ್ರಿ. ನೀವು ರಜಾ ಕೊಡ್ರಿ,” ಎಂದರು ಅಕ್ಕೋರು.

ಗಣಿತದವರು ಐವತ್ತು ದಾಟಿದ ಮೇಲೆ ವಿಜ್ಞಾನ ಓದಿಕೊಂಡರು. ಪ್ರತಿ ಭಾನುವಾರ ಫೋನು ಮಾಡುತ್ತಿದ್ದರು. ಮೊದಲು ಕೂಸು ಹಾಲು ಚಲೋ ಕುಡಿಯುತ್ತದೆಯೇ ಎಂದು ಕೇಳುವರು, ಆಮೇಲೆ ಎಲೆ ಆಹಾರ ತಯಾರಿಸುವ ಪಾಠದಲ್ಲಿ ತಮಗೆ ತಿಳಿಯದ್ದನ್ನು. ನನ್ನ ಮಗಳು ಆರು ತಿಂಗಳು ನನ್ನ ಮಡಿಲಲ್ಲೇ ಬೆಳೆದಳು.

ನಾನು ಮರಳಿ ಹೋದ ಜೂನ್ ತಿಂಗಳ ವೇಳಾಪಟ್ಟಿಯಲ್ಲಿ ಅಕ್ಕೋರ ಹೆಸರಿರಲಿಲ್ಲ. ಕಾರಣ ಯಾರೂ ಹೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಅಷ್ಟು ವರ್ಷ ದುಡಿದರೂ ಅವರ ಕೈಯಲ್ಲಿ ನೇಮಕಾತಿಯ ಒಂದು ಪತ್ರವೂ ಇರಲಿಲ್ಲ. ಅವರು ಕಪಾಟು ಖಾಲಿ ಮಾಡುತ್ತಿದ್ದಾಗ ನಾನು ಹಾಜರಿ ಪುಸ್ತಕ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಮನೆಯಲ್ಲಿ ಕೂಸಿತ್ತು, ಕೆಲಸ ಬೇಕಿತ್ತು. ಬಾಯಿ ಬಿಡಲಿಲ್ಲ.

ಅವರು ಹರಪನಹಳ್ಳಿಯ ತಮ್ಮನ ಮನೆ ಸೇರಿ ಮಕ್ಕಳಿಗೆ ಟ್ಯೂಷನ್ ಹೇಳುತ್ತಿದ್ದರು. ವರ್ಷದ ಮೇಲೆ ಮಗಳನ್ನು ಕರೆದುಕೊಂಡು ಹೋದೆ. ತಪ್ಪಾಯಿತು ಎನ್ನಲು ತಡವರಿಸುತ್ತಿದ್ದವಳನ್ನು ಅವರೇ ತಡೆದರು.

“ನೀ ಮಾತಾಡಿದ್ರ ನಿನ್ನೂ ತೆಗೀತಿದ್ರು. ನಾ ಅಡ್ಡಾಡಿದ್ದೆಲ್ಲಾ ದಂಡ ಆಗ್ತಿತ್ತು,” ಎಂದು ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅವಳ ಕಾಲಿಗೆ ಗೆಜ್ಜೆ ಯಾಕಿಲ್ಲ ಎಂದು ನನ್ನನ್ನೇ ಗದರಿದರು.

ಆಮೇಲೆ ನಮ್ಮ ಶಾಲೆಯಲ್ಲಿ ಬಸುರಿಯರಿಂದ ಯಾರೂ ರಾಜೀನಾಮೆ ಕೇಳಲಿಲ್ಲ. ಇಬ್ಬರು ಪೂರ್ತಿ ರಜೆ ಪಡೆದರು. ಅವರಿಬ್ಬರೂ ಅಕ್ಕೋರನ್ನು ಕಂಡವರಲ್ಲ.

ಕಳೆದ ಚಳಿಗಾಲದ ಒಂದು ಬೆಳಿಗ್ಗೆ ಅವರ ತಮ್ಮ ಫೋನು ಮಾಡಿ, ಅಕ್ಕ ಹೋದಳು, ಮಧ್ಯಾಹ್ನಕ್ಕೆ ಮಣ್ಣು ಎಂದರು. ಶಾಲೆಯಲ್ಲಿ ಪರೀಕ್ಷೆ ನಡೆಯುತ್ತಿತ್ತು. ಬೆಳಗಿನ ಪರೀಕ್ಷೆ ಮುಗಿಸಿಕೊಟ್ಟು ನಾನು ಹರಪನಹಳ್ಳಿ ಮುಟ್ಟುವಾಗ ಜನ ತಿರುಗಿ ಬಂದು ನಲ್ಲಿಯಲ್ಲಿ ಕೈಕಾಲು ತೊಳೆಯುತ್ತಿದ್ದರು. ಒಬ್ಬಳೇ ಸ್ಮಶಾನಕ್ಕೆ ಹೋಗಿ ಹಸಿ ಮಣ್ಣಿನ ಮೇಲೆ ಒಂದು ಹಿಡಿ ಮಣ್ಣು ಹಾಕಿದೆ.

ನನಗೆ ಆರು ತಿಂಗಳ ರಜೆ ಕೊಡಿಸಿದವರ ಮಣ್ಣಿಗೆ ನಾನು ಕೇಳಿದ್ದು ಅರ್ಧ ದಿನ. ಸತ್ತವರು ಯಾರು ಎಂದು ಕಾರ್ಯದರ್ಶಿಗಳು ವಿಚಾರಿಸಿದ್ದರು. ಸಂಬಂಧಿಕರೊಬ್ಬರು ಎಂದಿದ್ದೆ.