ನೀರೊಳಗಿನ ದಯಾನಂದರ ಬಾಯಾರಿಕೆ

ವಾಶಿ ಸೇತುವೆಯ ಮೇಲೆ ಬೆಳಗಿನ ಲೋಕಲ್‌ಗಳು ದಡಬಡ ಓಡುವ ಹೊತ್ತಿಗೆ, ಕೆಳಗೆ ಖಾಡಿಯ ಹಿನ್ನೀರಿನಲ್ಲಿ ತೇಲುವ ದೋಣಿಯಲ್ಲಿ ನಿಂತು ದಯಾನಂದ ಬಾಟಲಿಯೆತ್ತಿ ನೀರು ಕುಡಿಯುತ್ತಿದ್ದಾರೆ. ಅಂತಿಂಥ ಕುಡಿತವಲ್ಲ; ಆ ಗಟಗಟ ಸದ್ದಿಗೆ ಅಲ್ಲೆಲ್ಲೋ ಮುಂಬ್ರಾ ಗುಡ್ಡದ ಕಾಗೆಗಳೂ ಎದ್ದು ಕೂರುತ್ತವೆ.

"ಸಾಕ್ರೀ ದಯಣ್ಣಾ, ಖಾಡಿಗೂ ಒಂದೀಟು ಉಳಸ್ರಿ," ಎನ್ನುತ್ತಾರೆ, ಅವರು ಮುಳುಗಿದಾಗ ದೋಣಿಯಲ್ಲಿ ಹಗ್ಗ ಹಿಡಿಯುವ ವಿಜಾಪುರದ ವಾಸು.

ದಯಾನಂದರದ್ದು ಮುಳುಗುವ ಕೆಲಸ. ಸೇತುವೆಯ ಕಂಬಗಳ ಬುಡಕ್ಕಿಳಿದು, ಕೈಯಿಂದ ತಡವಿ ಬಿರುಕು ಹುಡುಕುವುದು. ಅಲ್ಲಿ ಕಣ್ಣಿಗೆ ರಜೆ. ನೀರು ಎಷ್ಟು ಕಪ್ಪೆಂದರೆ ಅಮಾವಾಸ್ಯೆಯೂ ಟಾರ್ಚ್ ಹಿಡಿದೇ ಇಳಿಯಬೇಕು. ಊರೂರ ಕೊಳೆಯೆಲ್ಲ ಅದರಲ್ಲಿದೆ. ಹಾಗಾಗಿ ಕಾಲಿನಿಂದ ಕತ್ತಿನವರೆಗೆ ರಬ್ಬರಿನ ಡ್ರೈಸೂಟ್, ಮೇಲೊಂದು ಹೆಲ್ಮೆಟ್. ಹೊರಗಿನ ಹನಿ ಒಳಗೆ ಬಾರದು. ತೊಂದರೆಯೆಂದರೆ, ಒಳಗಿನದೂ ಹೊರಗೆ ಹೋಗದು.

"ಮಲ್ಪೆಯಲ್ಲಿ ಚಡ್ಡಿ ಹಾಕಿ ಮುಳುಗುವಾಗ ಇದೊಂದು ವಿಷಯವೇ ಅಲ್ಲ ಮಾರಾಯ್ರೆ. ಉಚ್ಚೆ ಬಂತಾ, ಬಿಟ್ಟಾಯ್ತು. ಕಡಲು ಎಂತ ಕೇಳ್ತದೆ?" ಎಂದು ನಗುತ್ತಾರೆ. ನಕ್ಕವರು ಕಡಲಿರುವ ಪಶ್ಚಿಮಕ್ಕೆ ತಿರುಗಿ ನೋಡುತ್ತಾರೆ. ಕಾಣುವುದು ಟ್ರಾಂಬೆಯ ಚಿಮಣಿಗಳು ಮಾತ್ರ.

ಅವರು ಕಂಡುಕೊಂಡ ಉಪಾಯ ಸುಲಭದ್ದು: ನೀರೇ ಕುಡಿಯದಿರುವುದು. ಮರುದಿನ ಮುಳುಗುವುದಿದ್ದರೆ ಹಿಂದಿನ ಮಧ್ಯಾಹ್ನದಿಂದಲೇ ಉಪವಾಸ. ಕೋಪರಖೈರಣೆಯ ಮನೆಯಲ್ಲಿ ಹೆಂಡತಿ ರಮಿತಾ ಗದರುತ್ತಿದ್ದರು: "ಹಗಲಿಡೀ ನೀರಲ್ಲಿ, ಮನೆಗೆ ಬರುವಾಗ ಒಣಮೀನು!"

ಆ ಉಪವಾಸವೇ ಅಕ್ಕನನ್ನು ದೂರ ಮಾಡಿತು. ಡೊಂಬಿವಿಲಿಯಲ್ಲಿ ಅಕ್ಕ ಲೋಲಾಕ್ಷಿ ಹೊಸ ಫ್ಲ್ಯಾಟ್ ಹೊಕ್ಕ ದಿನ, ಬಾಗಿಲಲ್ಲೇ ತಮ್ಮನಿಗೆ ಬೆಲ್ಲ, ನೀರು ಹಿಡಿದರು. ನಮ್ಮ ಕರಾವಳಿಯ ಮನೆಗಳಲ್ಲಿ ಅದನ್ನು ಬೇಡವೆಂದರೆ ಮನೆಯನ್ನೇ ಬೇಡವೆಂದ ಹಾಗೆ. ದಯಾನಂದರಿಗೆ ಮರುದಿನ ಮುಳುಗುವುದಿತ್ತು; ಬೆಲ್ಲವನ್ನಷ್ಟೇ ಬಾಯಿಗೆ ಹಾಕಿಕೊಂಡು ತಂಬಿಗೆಯನ್ನು ಹಿಂದೆ ಸರಿಸಿದರು. ಎದುರಿಗೆ ಅಕ್ಕನ ಮಾವ, ನಾದಿನಿಯರು. ಇಡೀ ಡೊಂಬಿವಿಲಿಯೇ ಆ ಹಾಲ್‌ನಲ್ಲಿ ತುಂಬಿತ್ತೆನ್ನಿ.

"ಅಷ್ಟು ಜನರ ಎದುರು ಉಚ್ಚೆಯ ಕಥೆ ಹೇಳುವುದು ಹೇಗೆ? ಬೇಡ ಅಂತ ಮಾತ್ರ ಅಂದೆ. ಅಕ್ಕ ತಂಬಿಗೆ ಒಳಗೆ ತಗೊಂಡು ಹೋದಳು. 'ನಮ್ಮ ಮನೆ ನೀರು ನಿನಗೆ ಆಗುವುದಿಲ್ಲ ಅಲ್ವಾ ದಯಾ' ಅಂದಳು. ಮತ್ತೆ ಮಾತೇ ಇಲ್ಲ."

ಆಮೇಲೊಂದು ಬೇಸಿಗೆಯಲ್ಲಿ ಕಂಬದ ಬುಡದಲ್ಲೇ ಎರಡೂ ಮೀನಖಂಡಗಳು ಕಲ್ಲಾದವು, ತಲೆ ತಿರುಗಿತು. "ಹೆಲ್ಮೆಟ್ಟಿನ ಫೋನ್‌ನಾಗ ದನಿ ತೊದಲಾಕ್ಹತ್ತಿತ್ತು," ಎನ್ನುತ್ತಾರೆ ವಾಸು. "ಎಳದು ಮ್ಯಾಲ ತಗದೆ. ಹೆಲ್ಮೆಟ್ ಬಿಚ್ಚಿದ್ರ, ತುಟಿ ಬಿರಿದ ಹೊಲ ಆಗಿತ್ತು." ಡಾಕ್ಟರು ಒಂದೇ ಮಾತು ಹೇಳಿದರು: ನೀರು ಕುಡಿಯದಿದ್ದರೆ ನೀರಿಗಿಳಿಯಬೇಡಿ.

ಈಗ ಸೂಟಿನ ತೊಡೆಯ ಮೇಲೊಂದು ಪುಟ್ಟ ವಾಲ್ವ್ ಇದೆ, ಒಳಗಿನಿಂದ ಅದಕ್ಕೊಂದು ಸಣ್ಣ ಕೊಳವೆ. ಬೇಕಾದಾಗ ತಿರುಗಿಸಿದರೆ ಸೂಟು ಒದ್ದೆಯಾಗದೆ ಭಾರ ಇಳಿಯುತ್ತದೆ. ಮೊದಲ ಸಲ ತಿರುಗಿಸಿದಾಗ ದಯಾನಂದರು ಬಿಟ್ಟ "ಅಬ್ಬಾ!" ಫೋನಿನಲ್ಲಿ ಕೇಳಿ, ದೋಣಿಯವರೆಲ್ಲ ನಿಧಿ ಸಿಕ್ಕಿತೆಂದೇ ಬಗ್ಗಿ ನೋಡಿದರಂತೆ.

ಈಗ ಯಾರ ಮನೆಯಲ್ಲಿ ಕೊಟ್ಟರೂ ಕುಡಿಯುತ್ತಾರೆ. ಆದರೆ ಬಿಸ್ಲೇರಿಗಾಗಲಿ ಎಳನೀರಿಗಾಗಲಿ ಆರದ ಒಂದು ಬಾಯಾರಿಕೆ ಉಳಿದಿದೆ. ರೈಲು ಡೊಂಬಿವಿಲಿಯಲ್ಲಿ ನಿಂತಾಗಲೆಲ್ಲ ಬಾಗಿಲವರೆಗೆ ಬರುತ್ತಾರೆ. ಇಳಿಯುವುದಿಲ್ಲ.

"ರಜೆ ಇರುವಾಗ ಹೋಗಿ ಬನ್ನಿ," ಎಂದು ರಮಿತಾ ಹೇಳಿ ನೋಡಿದ್ದಾರೆ.

"ಮರುದಿನ ರಜೆಯಿದ್ದರೆ ಯಾರು ಬೇಕಾದರೂ ನೀರು ಕುಡಿದಾರು," ಎನ್ನುತ್ತಾರೆ ದಯಾನಂದ, ಹೆಲ್ಮೆಟ್ ತೊಡುವ ಮುಂಚೆ ಬಾಟಲಿಯ ಕೊನೆಯ ಗುಟುಕು ಮುಗಿಸುತ್ತ. "ಬರುವ ಭಾನುವಾರ ಹೋಗ್ತೇನೆ. ಸೋಮವಾರ ಬೆಳಿಗ್ಗೆ ಮುಳುಗುವುದುಂಟು. ಅವತ್ತು ಬೇಡ ಅಂದ ಕಾರಣವನ್ನು ಅಕ್ಕನ ಮಾವನ ಎದುರೇ ಹೇಳ್ತೇನೆ, ನಗಲಿ. ಅಕ್ಕ ನೀರು ತರದಿದ್ದರೆ, ನಾನೇ ಕೇಳಿ ಕುಡೀತೇನೆ."