ಮೇಸ್ತ್ರಿಯ ಮೇಲೆ ಬಂದ ಅಪವಾದ

ಮೂಡಿಗೆರೆಯ ಅಂಗಡಿಯಿಂದ ಅಕ್ವೇರಿಯಂ ಜೊತೆಗೆ ಉದ್ದ ರೆಕ್ಕೆಯ ಒಂದು ನೀಲಿ ಬೆಟ್ಟಾ ಮೀನು, ಹತ್ತು ಕೆಂಪು ಸೀಗಡಿ ತಂದಿದ್ದೆ. "ಗಿಡ ಜಾಸ್ತಿ ಹಾಕಿ ಅಕ್ಕಾ. ಸೀಗಡಿಗೆ ಅಡಗೋಕೆ ಜಾಗ ಇದ್ರೆ ಎರಡೂ ಒಟ್ಟಿಗೆ ಬಾಳ್ತಾವೆ. ಗ್ಯಾರಂಟಿ ಮಾತ್ರ ಕೇಳ್ಬೇಡಿ," ಎಂದಿದ್ದರು ಅಂಗಡಿಯವರು.

ಗೋಣಿಬೀಡಿನ ನಮ್ಮ ಮನೆಯಲ್ಲಿ ಮೊಟ್ಟೆಯನ್ನೂ ಒಡೆಯುವುದಿಲ್ಲ. ಅತ್ತೆ ಎರಡು ದಿನ ಆ ಕಡೆ ತಿರುಗಿಯೂ ನೋಡಲಿಲ್ಲ. ಮೂರನೆಯ ದಿನ ಕಾಫಿ ಲೋಟ ಹಿಡಿದು ತೊಟ್ಟಿಯ ಮುಂದೆಯೇ ಕುಳಿತಿದ್ದರು.

"ನೋಡೇ ಮಾರಾಯ್ತಿ, ಈ ಸೀಗಡಿಗಳು ಪಾಚೀನ ಎರಡೂ ಕೈಯಲ್ಲಿ ಕುಯ್ತಾವಲ್ಲ! ಇಂಥ ಹತ್ತು ಆಳು ಸಿಕ್ಕಿದ್ರೆ ಸಂಕ್ರಾಂತಿಯೊಳಗೆ ನಮ್ಮ ಕಾಫಿ ಕುಯ್ಲು ಮುಗೀತಿತ್ತು."

"ಮತ್ತೆ ಮೀನು?"

"ಅವನು ಆಳುಗಳ ಮೇಲಿನ ಮೇಸ್ತ್ರಿ. ರೇಷ್ಮೆ ಪಂಚೆ ಇಳಿಬಿಟ್ಕೊಂಡು ಸುಮ್ನೆ ಓಡಾಡ್ತಾನೆ."

ಅಂದಿನಿಂದ ಸೀಗಡಿಗಳು ಅತ್ತೆಯವಾದವು. ದಿನಾ ಬೆಳಿಗ್ಗೆ ಎಣಿಸುತ್ತಿದ್ದರು. ಮೂರು ವಾರ ಹತ್ತೂ ಇದ್ದವು. ಆಮೇಲೊಂದು ದಿನ ಎಂಟಾದವು, ಮರುದಿನ ಐದು, ಅದರ ಮರುದಿನ ನಾಲ್ಕು. ಸತ್ತವು ಪಾಚಿಯ ಮೇಲೆ ಮಗ್ಗುಲಾಗಿ ಬಿದ್ದಿರುತ್ತಿದ್ದವು.

"ಇದು ನಿನ್ನ ಮೇಸ್ತ್ರಿದೇ ಕೆಲಸ. ಕೊಲೆಗಾರನ್ನ ಮನೇಲಿಟ್ಕೊಳ್ಳೋದು ಬೇಡ. ಶುಕ್ರವಾರದ ಬಸ್ಸಿಗೆ ಹೋಗಿ ವಾಪಸ್ ಕೊಟ್ಟು ಬಾ," ಎಂದು ಅತ್ತೆ ಅವನನ್ನು ಗಾಜಿನ ಜಾಡಿಗೆ ಹಾಕಿಸಿಯೇಬಿಟ್ಟರು.

ನನಗೆ ಅಳು ಬಂತು. ಗಾಜಿಗೆ ಬೆರಳಿಟ್ಟ ಕಡೆ ಓಡಿ ಬರುವಷ್ಟು ನನಗೆ ಹೊಂದಿಕೊಂಡಿದ್ದ ಅವನು.

ಗುರುವಾರ ಬೆಳಿಗ್ಗೆ ಇನ್ನೊಂದು ಸೀಗಡಿ ಸತ್ತಿತ್ತು. ಮೇಸ್ತ್ರಿ ಜಾಡಿಯಲ್ಲೇ ಇದ್ದನಲ್ಲ! ನಾನೂ ಅತ್ತೆಯೂ ಮುಖ ಮುಖ ನೋಡಿಕೊಂಡೆವು. ಅಂಗಡಿಯವರಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ.

"ನೀರಿಗೆ ಹೊಸದಾಗಿ ಏನಾದ್ರೂ ಹಾಕಿದ್ರಾ?"

"ಏನಿಲ್ಲ, ಅದೇ ಬಾವಿ ನೀರು," ಎಂದೆ.

ಅತ್ತೆ ನಡುವೆ ಬಾಯಿ ಹಾಕಿದರು. "ನೀರು ಇಳೀತಿತ್ತಲ್ಲ, ಒಂದು ವಾರದಿಂದ ನಾನು ದಿನಾ ಎರಡು ಚೊಂಬು ಹಾಕ್ತಿದ್ದೆನಪ್ಪಾ. ತಾಮ್ರದ ಕೊಡದ್ದು, ನಾವೇ ಕುಡಿಯೋ ನೀರು. ಹುಣಸೆಹಣ್ಣು ಹಚ್ಚಿ ಫಳಫಳ ಬೆಳಗಿಟ್ಟ ಕೊಡ."

ಅಂಗಡಿಯವರು ಹೇಳಿದರು, "ಅಮ್ಮಾ, ನಮಗೆ ಅದು ಸರಿ. ಸೀಗಡಿಗೆ ತಾಮ್ರ ಅಂದ್ರೆ ವಿಷ. ಮೀನು ತಡ್ಕೊಳ್ಳುತ್ತೆ, ಅವು ತಡ್ಕೊಳ್ಳಲ್ಲ."

ಕಾಫಿಗೆ ಔಷಧಿ ಹೊಡೆಯುವ ಕಾಲದಲ್ಲಿ, ಮೈಲುತುತ್ತ ಕಲಸಿದ ಡ್ರಮ್ಮನ್ನು ಬಾವಿಯ ಹತ್ತಿರಕ್ಕೂ ಬಿಡದೆ ತೋಟ ನಡೆಸಿದವರು ಅತ್ತೆ. "ಮೈಲುತುತ್ತವೂ ತಾಮ್ರವೇ ಅಲ್ವೇನೇ," ಎಂದರು ಮೆಲ್ಲಗೆ. "ನಾನೇ ಹಾಕಿ, ಪಾಪ, ಅವನ ತಲೆಗೆ ಕಟ್ಟಿದೆ."

ಅಂದು ಮಧ್ಯಾಹ್ನದ ಊಟವನ್ನೂ ಮರೆತು ಸ್ಟೀಲ್ ಬಿಂದಿಗೆಯಲ್ಲಿ ಬಾವಿ ನೀರು ತಂದು, ಸ್ವಲ್ಪಸ್ವಲ್ಪವಾಗಿ ತೊಟ್ಟಿಯ ನೀರು ಬದಲಾಯಿಸಿದೆವು. ಉಳಿದ ಮೂರು ಸೀಗಡಿಗಳಲ್ಲಿ ಒಂದರ ಹೊಟ್ಟೆಯಡಿ ಸಾಸಿವೆಗಿಂತ ಸಣ್ಣ ಮೊಟ್ಟೆಗಳಿದ್ದವು.

ಶುಕ್ರವಾರ ಬಸ್ಸು ಹಾರ್ನ್ ಹೊಡೆದುಕೊಂಡು ಹೋಗುವಾಗ ಅತ್ತೆ ಜಾಡಿಯನ್ನು ತೊಟ್ಟಿಯೊಳಗೆ ಓರೆ ಮಾಡಿ ಹಿಡಿದಿದ್ದರು. "ಹೋಗು ಮಾರಾಯ. ನಿನ್ನ ಆಳು ಮೂರೇ ಉಳಿದಾವೆ. ತಪ್ಪು ನಂದು."

ಈಗ ಪಾಚಿಯ ತುಂಬ ರವೆ ಕಾಳಿನಂಥ ಮರಿಗಳು. ಒಂದೆರಡು ಮೇಸ್ತ್ರಿಯ ಹೊಟ್ಟೆ ಸೇರಿದ್ದರೂ ಸೇರಿರಬಹುದು. ಅತ್ತೆ ಎಣಿಸುವುದನ್ನು ಬಿಟ್ಟಿಲ್ಲ. ಲೆಕ್ಕಕ್ಕೆ ಕಡಿಮೆ ಬಂದ ದಿನ ಮಾತ್ರ ನನ್ನ ಕಡೆ ನೋಡದೆಯೇ ಹೇಳುತ್ತಾರೆ, "ಪಾಚಿಯೊಳಗೆ ಎಲ್ಲೋ ಇರ್ತಾವೆ ಬಿಡು."