ಕೆರಿಯಮ್ಮ ಕಾರು ನೋಡಿದ್ದು

ಕಾರು ಕೊಳ್ಳುವ ಮೊದಲು ಅದನ್ನು ಸೂಲಗಿತ್ತಿಗೆ ತೋರಿಸಿದವನು ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕು ಹುಡುಕಿದರೂ ಪುಟ್ಟಪ್ಪನೊಬ್ಬನೇ ಸಿಕ್ಕಾನು. ಸುದ್ದಿ ಕೇಳಿ ರಿಪ್ಪನ್‌ಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗಲಿ ಬಿಡಿ, ನಗುವುದಕ್ಕೇನು ಕಂದಾಯವೇ? ಹಾಗೆ ನಕ್ಕವರಲ್ಲಿ ಅರ್ಧ ಜನ ಭೂಮಿಗೆ ಬಿದ್ದದ್ದು ಆ ಕೆರಿಯಮ್ಮನ ಕೈಯಲ್ಲೇ.

ಪುಟ್ಟಪ್ಪ ಸಾಮಾನ್ಯ ಆಸಾಮಿಯಲ್ಲ. ಹನ್ನೊಂದು ವರ್ಷ ಬಸ್ಸು ಓಡಿಸಿದವನು. ಬಾನೆಟ್ಟು ತೆಗೆಯದೆ, ಬರೀ ಶಬ್ದ ಕೇಳಿ ಇಂಜಿನ್ನಿನ ರೋಗ ಹೇಳುವವನು. ಆ ಜಂಬ ಅವನಿಗೆ ಒಳಗೊಳಗೇ ಇತ್ತು, ಇರಬೇಕಾದದ್ದೇ. ಅರವತ್ತೈದನೇ ಇಸವಿಯ ಡಿಸೆಂಬರಿನಲ್ಲಿ, ಲಿಂಗನಮಕ್ಕಿ ಕೆಲಸ ಮುಗಿಸಿ ಊರಿಗೆ ಹೊರಟಿದ್ದ ಕಂಟ್ರಾಕ್ಟರೊಬ್ಬರು ಸಾಗರದಲ್ಲಿ ತಮ್ಮ ಮನೆಯ ಕಾರು ಮಾರುತ್ತಾರೆಂದು ಅವನಿಗೆ ಗೊತ್ತಾಯಿತು. ಹತ್ತು ವರ್ಷದ ಗಾಡಿ. ತೀರಾ ದೊಡ್ಡದೂ ಅಲ್ಲ, ಚಿಕ್ಕದೂ ಅಲ್ಲ. ನಾಲ್ಕು ಬಾಗಿಲು, ಹಿಂದೆ ಡಿಕ್ಕಿ, ಒಬ್ಬರು ಕಾಲು ಮಡಚಿ ಮಲಗಬಹುದಾದ ಉದ್ದನೆಯ ಹಿಂದಿನ ಸೀಟು. ದಿನಾ ಬೆಳಿಗ್ಗೆ ರಿಪ್ಪನ್‌ಪೇಟೆಯಿಂದ ಹೊಸನಗರ, ಅಲ್ಲಿಂದ ತೀರ್ಥಹಳ್ಳಿಗೆ ಬಾಡಿಗೆ ಓಡಿಸುವುದು ಎಂದು ಪುಟ್ಟಪ್ಪ ಲೆಕ್ಕ ಹಾಕಿದ.

ಆದರೆ ಬಾಡಿಗೆ ಎನ್ನುವುದು ಊರಿಗೆ ಹೇಳುವ ಮಾತು. ಎರಡು ವರ್ಷದ ಹಿಂದೆ ಅವನ ಹೆಂಡತಿ ಜಲಜಮ್ಮನಿಗೆ ಚೊಚ್ಚಲ ಹೆರಿಗೆಯಲ್ಲಿ ಕೂಸು ಅಡ್ಡ ತಿರುಗಿತ್ತು. ತೀರ್ಥಹಳ್ಳಿಯ ಆಸ್ಪತ್ರೆಗೆ ಒಯ್ಯಲೇಬೇಕೆಂದು ಕೆರಿಯಮ್ಮ ಹೇಳಿದಳು. ಬಸ್ಸು ಹೋಗಿಯಾಗಿತ್ತು. ಎತ್ತಿನ ಗಾಡಿಯಲ್ಲಿ ಹೊರಟರು, ಕೂಸು ದಾರಿಯಲ್ಲೇ ಹೋಯಿತು. ಊರಿಗೆಲ್ಲ ಬಸ್ಸು ಓಡಿಸುವವನು ತನ್ನ ಹೆಂಡತಿಯನ್ನು ಗಾಡಿಯಲ್ಲಿ ಒಯ್ದ ಆ ದಿನ ಅವನ ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ಈಗ ಜಲಜಮ್ಮ ಮತ್ತೆ ತುಂಬಿದ ಬಸುರಿ, ಮಾಘದಲ್ಲಿ ದಿನ ತುಂಬುತ್ತಿತ್ತು.

ಕೆರಿಯಮ್ಮ ಪುಟ್ಟಪ್ಪನ ದೊಡ್ಡಮ್ಮ, ಅವನ ತಾಯಿ ಬಂಗಾರಮ್ಮನ ಅಕ್ಕ. ಅವನು ಹುಟ್ಟಿದ ಒಂಬತ್ತನೇ ದಿನಕ್ಕೆ ಬಂಗಾರಮ್ಮ ತೀರಿಕೊಂಡಳು. ಬಾಣಂತಿಗೆ ಗಾಳಿ ಸೋಕಿತು ಎಂದು ಊರು ಹೇಳಿತು, ಅವನೂ ಅದನ್ನೇ ನಂಬಿ ಬೆಳೆದ. ಸಾಕಿದವಳು ಕೆರಿಯಮ್ಮ. ಒಣಕಲು ಮೈ, ಉದ್ದ ಬೆರಳು, ಸೊಂಟದಲ್ಲಿ ಎಲೆಅಡಿಕೆ ಚೀಲ, ಮಾತು ಕಡಿಮೆ. ಅವಳದೊಂದು ಹಟ ಮಾತ್ರ ಸುತ್ತಲಿನ ಹಳ್ಳಿಗೆಲ್ಲ ಗೊತ್ತಿತ್ತು. ಬಾಣಂತಿ ಕೋಣೆಯೆಂದರೆ ಬಾಗಿಲು ಕಿಟಕಿ ಭದ್ರ ಮಾಡಿ, ಮಂಚದ ಕೆಳಗೆ ಕೆಂಡ ಇಟ್ಟು ಬೆಚ್ಚಗೆ ಇಡುವುದು ಎಲ್ಲ ಮನೆಗಳ ರೂಢಿ. ಕೆರಿಯಮ್ಮ ಹೋದ ಮನೆಯಲ್ಲಿ ಮಾತ್ರ ಬಾಗಿಲಿಗೆ ಒಂದು ಕೊರಡು ಅಡ್ಡ ಇಟ್ಟು, ಅದು ಪೂರ್ತಿ ಮುಚ್ಚದ ಹಾಗೆ ಮಾಡುತ್ತಿದ್ದಳು. ಬಾಣಂತಿಗೆ ಶೀತ ಆಗುತ್ತದೆ ಎಂದು ಅತ್ತೆಯರು ಜಗಳಕ್ಕೆ ಬಂದರೆ, ಹಾಗಾದರೆ ಬೇರೆಯವರನ್ನು ಕರೆಸಿಕೊಳ್ಳಿ ಎಂದು ಚೀಲ ಸೊಂಟಕ್ಕೆ ಸಿಕ್ಕಿಸಿ ಎದ್ದೇಬಿಡುತ್ತಿದ್ದಳು. ಯಾಕೆಂದು ಎಂದೂ ಹೇಳಿದವಳಲ್ಲ, ಪುಟ್ಟಪ್ಪನೂ ಕೇಳಿರಲಿಲ್ಲ.

ಕಂಟ್ರಾಕ್ಟರು ಒಂದು ದಿನದ ಮಟ್ಟಿಗೆ ಕಾರನ್ನು ಕೊಟ್ಟಿದ್ದರು. ಮರುದಿನ ಸಂಜೆಯೊಳಗೆ ಹೂಂ ಅಥವಾ ಊಹೂಂ ಹೇಳಬೇಕು, ಶಿವಮೊಗ್ಗದವರೊಬ್ಬರು ಕಾದು ಕೂತಿದ್ದಾರೆ ಎಂದಿದ್ದರು. ಪುಟ್ಟಪ್ಪ ಬಿಡಲಿಲ್ಲ. ತಣ್ಣಗಿದ್ದಾಗ ಚಾಲೂ ಮಾಡಿ ನೋಡಿದ, ಆಯಿಲ್ಲನ್ನು ಬೆರಳಲ್ಲಿ ಉಜ್ಜಿ ನೋಡಿದ, ಜಾಕ್ ಕೊಟ್ಟು ಗಾಲಿ ಅಲ್ಲಾಡಿಸಿದ, ಏರಿನಲ್ಲಿ ನಿಲ್ಲಿಸಿ ಕ್ಲಚ್ಚು ಪರೀಕ್ಷೆ ಮಾಡಿದ, ಗೋಣಿಚೀಲ ಹಾಸಿಕೊಂಡು ಅಡಿಗೆ ತೂರಿ ಚಾಸಿ ತಟ್ಟಿದ. ಎಲ್ಲಾ ಗಟ್ಟಿ. ಮನಸ್ಸಿನಲ್ಲಿ ಕಾರು ಆಗಲೇ ಅವನದಾಗಿತ್ತು. ದೊಡ್ಡಮ್ಮನ ಮುಂದೆ ತಂದು ನಿಲ್ಲಿಸಿದ್ದು ಹೊಗಳಿಸಿಕೊಳ್ಳುವುದಕ್ಕೆ, ಬೇರೆ ಯಾತಕ್ಕೂ ಅಲ್ಲ.

ಹೊಗಳುವ ಜೀವವೇ ಅದು? ಒಂದು ಸುತ್ತು ಬಂದು, "ನಾನು ಮಲಗಿ ನೋಡೋ ತನ್ಕ ಜಲಜನ್ನ ಇದ್ರಲ್ಲಿ ಮಲಗ್ಸಲ್ಲ" ಎಂದಳು.

ಮೊದಲು ಹಿಂದಿನ ಬಾಗಿಲು ತೆಗೆಸಿ, ಎಷ್ಟು ಅಗಲ ತೆರೆಯುತ್ತದೆ ಎಂದು ತನ್ನ ಸೊಂಟ ಇಟ್ಟು ಅಳೆದಳು. ಎರಡು ಸೀಟಿನ ನಡುವೆ ಕಾಲಿಡುವ ಜಾಗದಲ್ಲಿ ಮೊಣಕಾಲೂರಿ ಕೂತು, ಕೈ ಎಲ್ಲೆಲ್ಲಿಗೆ ಎಟಕುತ್ತದೆ ನೋಡಿದಳು. ಆಮೇಲೆ ಜಲಜಮ್ಮನಿಂದ ಎಣ್ಣೆಗಿಂಡಿ ತರಿಸಿ, ಎರಡೂ ಅಂಗೈಗೆ ಎಣ್ಣೆ ಹಚ್ಚಿಕೊಂಡು, ಬಾಗಿಲು ಹಾಕಿಸಿ, ಒಳಗಿನಿಂದ ಹಿಡಿ ತಿರುಗಿಸಿದಳು. ಜಾರಿತು. ಇನ್ನೊಮ್ಮೆ ತಿರುಗಿಸಿದಳು, ಮತ್ತೆ ಜಾರಿತು. ಹೆರಿಗೆ ಮಾಡಿಸುವವಳ ಕೈ ಒಣಗಿರುವುದಿಲ್ಲ, ಈ ಹಿಡಿಗೆ ಬಟ್ಟೆ ಸುತ್ತಿಸು ಎಂದು ಹೇಳಿ ಇಳಿದಳು. ಹನ್ನೊಂದು ವರ್ಷದಲ್ಲಿ ಎಷ್ಟು ಸಾವಿರ ಸಲ ಬಾಗಿಲ ಹಿಡಿ ಮುಟ್ಟಿದ್ದನೋ, ಎಣ್ಣೆ ಕೈಯ ಯೋಚನೆ ಪುಟ್ಟಪ್ಪನಿಗೆ ಒಮ್ಮೆಯೂ ಬಂದಿರಲಿಲ್ಲ.

ಕೊನೆಗೆ ಹಿಂದಿನ ಸೀಟಿನಲ್ಲಿ ಎಡಮಗ್ಗುಲಾಗಿ, ಬಸುರಿಯಂತೆ ಮಂಡಿ ಮಡಚಿ ಮಲಗಿದಳು. ಮುಖ ಸೀಟಿನ ಅಂಚಿಗೆ ಬಂದಿತ್ತು. ಗಾಜೆಲ್ಲ ಏರಿಸಿ ತೀರ್ಥಹಳ್ಳಿವರೆಗೆ ಓಡಿಸು ಎಂದಳು. ಪುಟ್ಟಪ್ಪನಿಗೆ ಆಶ್ಚರ್ಯವಾಯಿತು. ಬಾಗಿಲು ಮುಚ್ಚಿದರೆ ಮನೆ ಬಿಟ್ಟು ಎದ್ದುಹೋಗುವವಳು ಗಾಜು ಮುಚ್ಚಿಸುತ್ತಾಳಲ್ಲ ಎಂದು ಕೇಳಿಯೇಬಿಟ್ಟ.

"ನಾನು ಪ್ರತೀ ಸಲ ಗಾಡೀಲಿ ಇರ್ತೀನಾ? ನಾನಿಲ್ದಾಗ ಜಲಜನ ತಾಯಿ ಮುಚ್ತಾಳೆ. ಅವ್ರು ಹೆಂಗೆ ಒಯ್ತಾರೋ ಹಂಗೇ ನೋಡ್ಬೇಕು" ಎಂದಳು ಕೆರಿಯಮ್ಮ.

ಇನ್ನೊಂದು ಕರಾರು ಹಾಕಿದಳು. ಹೆರಿಗೆ ನೋವು ಬಿಟ್ಟು ಬಿಟ್ಟು ಬರುವ ಲೆಕ್ಕದಲ್ಲಿ ಅವಳು ಮುಂದಿನ ಸೀಟಿನ ಬೆನ್ನು ತಟ್ಟುತ್ತಾಳೆ, ತಟ್ಟಿದಾಗ ಅವನು ನಿಧಾನ ಮಾಡಬೇಕು. ಚಳಿಗಾಲದ ಬೆಳಿಗ್ಗೆ, ದಾರಿಯುದ್ದಕ್ಕೂ ಇಬ್ಬನಿ. ಪುಟ್ಟಪ್ಪ ತನ್ನ ಪಕ್ಕದ ಮೂರು ಮೂಲೆಯ ಚಿಕ್ಕ ಗಾಜನ್ನು ಮಾತ್ರ ಓರೆ ಮಾಡಿಕೊಂಡ. ಮುಖಕ್ಕೆ ಗಾಳಿ ಬೀಸದಿದ್ದರೆ ಅವನಿಗೆ ಗಾಡಿ ಓಡಿಸಿದ ಹಾಗೇ ಆಗುತ್ತಿರಲಿಲ್ಲ.

ಕಾರು ಓಡಿತು ನೋಡಿ, ಹೂವಿನ ಹಾಗೆ. ಹೊಸನಗರ ಮುಟ್ಟುವವರೆಗೂ ಹಿಂದಿನಿಂದ ಟಕ್ ಟಕ್ ಕೇಳುತ್ತಿತ್ತು. ಪುಟ್ಟಪ್ಪ ನಿಧಾನ ಮಾಡುವನು, ಮತ್ತೆ ಬಿಡುವನು. ಈ ಮುದುಕಿ ನೂರಾರು ಹೆಂಗಸರ ನೋವನ್ನು ಅಂದಾಜಿನಿಂದಲೇ ಹೀಗೆ ಅಳೆದು ತಟ್ಟುತ್ತಿದ್ದಾಳಲ್ಲ ಎಂದು ಅವನಿಗೆ ಬೆರಗಾಯಿತು. ಶುರುವಿನಲ್ಲಿ ದೂರ ದೂರ ಇದ್ದ ತಟ್ಟು ಆಮೇಲೆ ಹತ್ತಿರವಾಗುತ್ತ ಬಂದಿತ್ತು. ಸೂಲಗಿತ್ತಿಯ ಮನೆಯಲ್ಲಿ ಬೆಳೆದವನಿಗೆ ಅಷ್ಟು ತಿಳಿಯದೇ? ಹೆರಿಗೆ ಹತ್ತಿರವಾದಷ್ಟೂ ನೋವು ಹತ್ತಿರ ಹತ್ತಿರ ಬರುತ್ತದೆ.

ತೀರ್ಥಹಳ್ಳಿಯ ದಾರಿಗೆ ತಿರುಗಿ ಮೂರು ನಾಲ್ಕು ಮೈಲಿ ಹೋದ ಮೇಲೆ ಲೆಕ್ಕ ತಪ್ಪಿತು. ತಟ್ಟು ದೂರವಾಯಿತು. ಇನ್ನೂ ದೂರವಾಯಿತು. ಒಂದು ಸಲ ಟಕ್ ಎನ್ನುವ ಬದಲು ಕೈ ಸೀಟಿಗೆ ಸವರಿ ಜಾರಿದ ಸದ್ದಾಯಿತು. ದೊಡ್ಡಮ್ಮ ಲೆಕ್ಕ ತಪ್ಪುವವಳಲ್ಲ. ಪುಟ್ಟಪ್ಪ ಹಿಂದೆ ತಿರುಗಿ ಕೂಗಿದ.

"ನಿಲ್ಸು ಪುಟ್ಟ" ಎಂದಳು. ನಾಲಿಗೆ ದಪ್ಪಗಾಗಿತ್ತು.

ಅವನು ಓಡಿಬಂದು ಬಾಗಿಲು ತೆಗೆದು ಅವಳನ್ನು ಹಿಡಿದು ಇಳಿಸಿದ. ಅವಳು ಓಲಾಡುತ್ತ ಹೋಗಿ ಮೈಲಿಗಲ್ಲಿನ ಮೇಲೆ ಕೂತಳು. ಹಳೇ ಕಾರಿನ ವಾಸನೆಗೆ ಹೊಟ್ಟೆ ತೊಳಸಿರಬೇಕು ಎಂದುಕೊಂಡು, ವಾಂತಿ ಬರ್ತಾ ಐತಾ ಎಂದು ಕೇಳಿದ.

"ಇಲ್ಲ. ನಿದ್ದೆ ಬರ್ತಾ ಐತೆ" ಎಂದಳು. ಸ್ವಲ್ಪ ಹೊತ್ತು ಇಬ್ಬನಿಯ ಗಾಳಿಯನ್ನು ಬಾಯಿ ತೆರೆದು ಎಳೆದುಕೊಂಡು, "ಈ ನಿದ್ದೆ ನಂಗೆ ಗುರ್ತೈತೆ. ಮುಖಕ್ಕೆ ಕೆಳಗಿಂದ ಬಿಸಿ ಹೊಡೀತಿತ್ತು, ಹೋಗಿ ಆ ಚಾಪೆ ಎತ್ತಿ ನೋಡು" ಎಂದಳು.

ಪುಟ್ಟಪ್ಪ ಹಿಂದಿನ ಸೀಟಿನ ಮುಂದಿದ್ದ ರಬ್ಬರ್ ಚಾಪೆ ಎತ್ತಿದ. ಕೆಳಗೆ ಅಳತೆಗೆ ಕತ್ತರಿಸಿದ ಹಲಗೆಯೊಂದಿತ್ತು. ಅದನ್ನು ಎಬ್ಬಿಸಿದರೆ, ತುಕ್ಕು ತಿಂದ ತಗಡಿನಲ್ಲಿ ಅಂಗೈ ಅಗಲದ ತೂತು, ತೂತಿನಲ್ಲಿ ರಸ್ತೆಯ ಕಲ್ಲು ಕಾಣುತ್ತಿತ್ತು. ಅದರ ನೇರ ಕೆಳಗೇ ಸೈಲೆನ್ಸರ್ ಪೈಪು ಬಿರಿದಿತ್ತು. ಅಡಿಗೆ ತೂರಿದಾಗ ಚಾಸಿ ತಟ್ಟಿದ್ದ, ಮೆತ್ತಿದ ಕೆಸರಿನಡಿ ಅಡಗಿದ್ದ ಬಿರುಕನ್ನು ನೋಡಿರಲಿಲ್ಲ. ಗಾಜು ಮುಚ್ಚಿದ ಕಾರಿನಲ್ಲಿ ಇಂಜಿನ್ನು ಉಗುಳಿದ ಹೊಗೆಯೆಲ್ಲ ಆ ತೂತಿನಿಂದ ಎದ್ದು, ಮಲಗಿದವಳ ಮೂಗಿಗೇ ಬಂದಿತ್ತು. ಮುಂದೆ ಗಾಳಿ ಕುಡಿಯುತ್ತ ಕೂತವನಿಗೆ ಅದು ಜನ್ಮದಲ್ಲಿ ಗೊತ್ತಾಗುತ್ತಿರಲಿಲ್ಲ. ಜಲಜಮ್ಮನನ್ನು ಇದರಲ್ಲಿ ಮಲಗಿಸಿ, ಸದ್ಯ ನಿದ್ದೆ ಹತ್ತಿತು, ನೋವು ಕಡಿಮೆಯಾಯಿತು ಎಂದು ಸಮಾಧಾನಪಟ್ಟುಕೊಂಡು ತೀರ್ಥಹಳ್ಳಿ ಮುಟ್ಟುತ್ತಿದ್ದ ತನ್ನನ್ನು ಅವನು ಕಣ್ಣಾರೆ ಕಂಡ.

ಇಷ್ಟು ವರ್ಷ ಗಾಡಿ ಹಿಡಿದವನಿಗೆ ಕಾಣದ್ದು ಗಾಡಿಯನ್ನೇ ಅರಿಯದ ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳಿದ. ಕೆರಿಯಮ್ಮ ಎಲೆಅಡಿಕೆ ಚೀಲ ಬಿಚ್ಚಿದಳು, ಹಾಗೆಯೇ ಕಟ್ಟಿದಳು. ಆಮೇಲೆ ರಸ್ತೆ ನೋಡುತ್ತ ಹೇಳಿದಳು.

ಬಂಗಾರಮ್ಮನ ಬಾಣಂತನ ಅವಳು ಮಾಡಿದ ಮೊದಲನೆಯ ಬಾಣಂತನ. ತಂಗಿಗೆ ಒಂದು ಚೂರೂ ಶೀತ ತಾಗಬಾರದೆಂದು ಕಿಟಕಿಯ ಸಂದಿಗೆಲ್ಲ ಬಟ್ಟೆ ತುರುಕಿ, ಮಂಚದಡಿ ಕೆಂಡವನ್ನು ಎಲ್ಲರಿಗಿಂತ ಜಾಸ್ತಿ ಇಟ್ಟಿದ್ದಳು. ಒಂಬತ್ತನೇ ಬೆಳಿಗ್ಗೆ ಮಂಚದ ಪಕ್ಕ ಕೂತವಳಿಗೆ ತಲೆ ಭಾರವಾಗಿ, ಸುಖವಾದ ನಿದ್ದೆ ಎಳೆಯತೊಡಗಿತು. ನಿದ್ದೆಗೆಟ್ಟದ್ದಕ್ಕೆ ಇರಬೇಕು ಎಂದುಕೊಂಡಳು. ಅಷ್ಟರಲ್ಲಿ ಮಗು ಅತ್ತಿತು. ಅದನ್ನು ಎತ್ತಿಕೊಂಡು ಜಗಲಿಗೆ ಬಂದು, ಬಿಸಿಲಿನಲ್ಲಿ ಎಣ್ಣೆ ಹಚ್ಚಿ, ಬಚ್ಚಲಿಗೆ ಒಯ್ದು ನೀರು ಹಾಕಿದಳು. ಹೊರಗೆ ಬಂದೊಡನೆ ಅವಳ ತಲೆ ತಿಳಿಯಾಗಿತ್ತು. ವಾಪಸು ಹೋಗಿ ನೋಡಿದರೆ ತಂಗಿ ಏಳಲಿಲ್ಲ.

"ಊರು ಗಾಳಿ ಸೋಕಿತು ಅಂತು. ಗಾಳಿ ಇಲ್ದೆ ಸತ್ಲು ಅವ್ಳು. ಬಾಗ್ಲು ಹಾಕ್ದೋಳು ನಾನು. ಮೂವತ್ತನಾಲ್ಕು ವರ್ಷ ಆತು, ನಿನ್ನ ಮುಖ ನೋಡಿ ಹೇಳಕೆ ಆಗ್ಲಿಲ್ಲ ಪುಟ್ಟ" ಎಂದಳು.

ಪುಟ್ಟಪ್ಪನಿಗೆ ಸಿಟ್ಟು ಬರಬೇಕಿತ್ತೇನೋ. ಬಂದದ್ದು ಸಿಟ್ಟಲ್ಲ. ಒಂದು ಹೆಣ್ಣು ಇಷ್ಟು ದೊಡ್ಡ ಭಾರವನ್ನು ಒಬ್ಬಳೇ ಹೊತ್ತು, ಬೈಸಿಕೊಂಡು, ಕಂಡವರ ಮನೆಯ ಬಾಗಿಲಿಗೆಲ್ಲ ಕೊರಡು ಇಡುತ್ತ ಬಂದಳಲ್ಲ ಎಂಬ ಬೆರಗು ಬಂತು. ಆ ಕೊರಡಿನ ಸಂದಿಯಲ್ಲಿ ಎಷ್ಟು ತಾಯಂದಿರು ಉಸಿರಾಡಿದರೋ, ಅವರಲ್ಲಿ ಒಬ್ಬರಿಗೂ ಅದು ಗೊತ್ತಿಲ್ಲ. ಅವನು ಮೈಲಿಗಲ್ಲಿನ ಹತ್ತಿರ ಹೋಗಿ ಅವಳ ಎಣ್ಣೆಗೈ ಹಿಡಿದುಕೊಂಡ.

"ನೀನು ನನ್ನ ಹೊರಗೆ ತಂದೆಯಲ್ಲ ದೊಡ್ಡಮ್ಮ" ಎಂದ.

ಕಾರನ್ನು ಈಗಲೇ ವಾಪಸು ಬಿಟ್ಟುಬರುತ್ತೇನೆ ಎಂದು ಅವನು ಹೊರಟಾಗ ಅವಳು ಗದರಿದಳು. ಬಾಗಿಲು ಸರಿಯಾಗಿದೆ, ಸೀಟು ಉದ್ದ ಇದೆ, ಮೈ ಕುಲುಕುವುದಿಲ್ಲ. ತೂತು ಮುಚ್ಚಿಸಿ ತೆಗೆದುಕೋ, ಎತ್ತಿನ ಗಾಡಿಗಿಂತ ಸಾವಿರ ಪಾಲು ಮೇಲು ಎಂದಳು. ಎಲ್ಲಾ ಗಾಜು ಇಳಿಸಿಕೊಂಡು ಇಬ್ಬರೂ ನಡುಗುತ್ತ ಹಿಂತಿರುಗಿದರು. ಸಂಜೆ ಸಾಗರದಲ್ಲಿ ಪುಟ್ಟಪ್ಪ ತೂತು ತೋರಿಸಿ, ಕಂಟ್ರಾಕ್ಟರಿಗೆ ಹೂಂ ಹೇಳಿದ. ಅಲ್ಲಿಯೇ ಹೊಸ ತಗಡು ಬೆಸೆಸಿದ, ಪೈಪು ಬದಲಿಸಿದ, ಬಾಗಿಲ ಹಿಡಿಗಳಿಗೆ ಬಟ್ಟೆ ಸುತ್ತಿದ. ಇನ್ನೊಂದು ಕೆಲಸವನ್ನೂ ಮಾಡಿಸಿದ, ಅದನ್ನು ಮನೆಯಲ್ಲಿ ಹೇಳಲಿಲ್ಲ.

ಮಾಘದ ಒಂದು ಬೆಳಿಗ್ಗೆ ಜಲಜಮ್ಮನಿಗೆ ನೋವು ಶುರುವಾಯಿತು. ಈ ಸಲ ಆಸ್ಪತ್ರೆಯಲ್ಲೇ ಆಗಲಿ ಎಂದಳು ಕೆರಿಯಮ್ಮ. ಜಲಜಮ್ಮನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ತಾನು ಸಂದಿಯಲ್ಲಿ ಮೊಣಕಾಲೂರಿದಳು. ಜಲಜಮ್ಮನ ತಾಯಿ ಮೀನಾಕ್ಷಮ್ಮ ಮುಂದೆ ಕೂತರು. ಕಾರು ಹೊರಟು ಚಳಿಗಾಳಿ ನುಗ್ಗಿದ್ದೇ ತಡ, ಬಸುರಿಗೆ ಶೀತ ಆಗುತ್ತದೆ, ಹಿಂದಿನ ಗಾಜು ಏರಿಸು ಎಂದರು ಮೀನಾಕ್ಷಮ್ಮ.

"ಗಾಜಿಲ್ಲ ಅತ್ತೆ. ತೆಗೆಸಿ ಹಾಕಿದೀನಿ. ಇನ್ನು ಅದನ್ನ ಯಾರೂ ಮುಚ್ಚಕೆ ಆಗಲ್ಲ" ಎಂದ ಪುಟ್ಟಪ್ಪ.

ಹಿಂದೆ ಜಲಜಮ್ಮನ ಹೊಟ್ಟೆಯ ಮೇಲಿದ್ದ ಕೆರಿಯಮ್ಮನ ಕೈ ಒಂದು ಗಳಿಗೆ ನಿಂತಿತು. ಗಾಜಿಲ್ಲದ ಕಿಟಕಿಯನ್ನು ನೋಡಿದಳು, ಕನ್ನಡಿಯಲ್ಲಿ ಕಾಣುತ್ತಿದ್ದ ಪುಟ್ಟಪ್ಪನ ಕಣ್ಣನ್ನು ನೋಡಿದಳು. ಆಮೇಲೆ ಸೀಟಿನ ಬೆನ್ನಿಗೆ ಟಕ್ ಟಕ್ ತಟ್ಟಿದಳು, ಅವನು ನಿಧಾನ ಮಾಡಿದ. ಹೊಸನಗರ ದಾಟಿತು, ತಟ್ಟು ಹತ್ತಿರವಾಯಿತು, ಆ ಮೈಲಿಗಲ್ಲು ದಾಟಿತು, ಇನ್ನೂ ಹತ್ತಿರವಾಯಿತು. ತೀರ್ಥಹಳ್ಳಿಗೆ ಎರಡು ಮೈಲಿ ಇರುವಾಗ ಕೂಸು ಅತ್ತಿತು.

ಹೆಣ್ಣು ಎಂದಳು ಕೆರಿಯಮ್ಮ. ಪುಟ್ಟಪ್ಪ ಕನ್ನಡಿಯಲ್ಲಿ ನೋಡಿದ. ದೊಡ್ಡಮ್ಮ ಅಳುತ್ತಿದ್ದಳು. ಅವಳು ಅತ್ತದ್ದನ್ನು ಅವನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಎಣ್ಣೆಗೈಯಲ್ಲಿ ಕಣ್ಣು ಒರೆಸಿಕೊಳ್ಳಲಾಗದೆ, ಕಿಟಕಿಯಿಂದ ಬರುವ ಗಾಳಿಗೆ ಮುಖ ಕೊಟ್ಟು ಹಾಗೆಯೇ ಕೂತಿದ್ದಳು. ಬಾಣಂತಿಯನ್ನು ಡಾಕ್ಟರಿಗೆ ತೋರಿಸುವುದು ಇನ್ನೂ ಇತ್ತು, ಪುಟ್ಟಪ್ಪ ಗೇರು ಬದಲಿಸಿ ಮುಂದೆ ಹೊರಟ.